ನಡುಗಡ್ಡೆಗೆ ಸುಣ್ಣ ಬಳಿದ ದಿನ

ಇಂಥ ಅನುಭವಗಳನ್ನು ಬರೆಯಬೇಕಾದವರು ನಿವೃತ್ತರು. ಮೂವತ್ತು ವರ್ಷ ಸೇವೆ, ಗಂಧದ ಹಾರ, ಕೈಗೊಂದು ಬೆಳ್ಳಿ ಲೋಟ, ಆಮೇಲೆ ಲೇಖನ, ಕ್ರಮ ಅದು. ನನಗೆ ಹಾರವೂ ಬಂದಿಲ್ಲ, ಲೋಟವೂ ಬಂದಿಲ್ಲ, ನೌಕರಿ ಇನ್ನೂ ಕಾಯಂ ಕೂಡ ಆಗಿಲ್ಲ. ಆದರೂ ಈಗಲೇ ಬರೆಯುತ್ತಿದ್ದೇನೆ. ನಿವೃತ್ತನಾಗುವ ಹೊತ್ತಿಗೆ ನಾನೂ ದೊಡ್ಡವರ ಹಾಗೆ ಇದನ್ನು ನನಗೆ ಅನುಕೂಲವಾಗುವಂತೆ ನೆನಪಿಟ್ಟುಕೊಂಡಿರುತ್ತೇನೆ ಎಂಬ ಗುಮಾನಿ ನನಗಿದೆ.

ಅದು 1957ರ ಬೇಸಿಗೆ. ನಾನು ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಎರಡನೆಯ ದರ್ಜೆಯ ಸರ್ವೇಯರ್. ಮೂರನೆಯ ದರ್ಜೆ ಎಂಬುದು ಇರಲಿಲ್ಲವಾದ್ದರಿಂದ ಎರಡನೆಯದು. ವಾಸ ಹೊಸಹಳ್ಳಿಯ ಅಕ್ಕನ ಮನೆಯಲ್ಲಿ, ಸೈಕಲ್ಲು ಭಾವನದು, ಬೈಗುಳ ಇಬ್ಬರದೂ. ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಓದಿದ್ದೆ. ನನ್ನ ಕೈಯಲ್ಲಿದ್ದ ಒಂದೇ ವಿದ್ಯೆಯೆಂದರೆ ಬೇರೆಯವರ ದನಿ ತೆಗೆಯುವುದು. ಕಚೇರಿಯ ಹೆಡ್ ಗುಮಾಸ್ತರ ಕೆಮ್ಮು, ಜವಾನನ ಗೊಣಗು, ಮಾಗಡಿ ರಸ್ತೆಯ ಬಸ್ಸು ಏರು ಹತ್ತುವಾಗ ಬಿಡುವ ಏದುಸಿರು, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದವು. ನನ್ನದೇ ದನಿ ಯಾವುದೆಂದು ಅಕ್ಕ ಕೇಳುತ್ತಿದ್ದಳು. ಹಸಿವಾದಾಗ ಬರುವುದು ನನ್ನದು ಎನ್ನುತ್ತಿದ್ದೆ.

ಆಗ ಊರು ಪಶ್ಚಿಮಕ್ಕೆ ಬೆಳೆಯುತ್ತಿತ್ತು. ರಾಜಾಜಿನಗರದಲ್ಲಿ ಮನೆಗಳಿಗಿಂತ ಮೊದಲು ರಸ್ತೆಗಳು ಹುಟ್ಟಿದ್ದವು. ಅಲ್ಲಿಂದ ಆಚೆ, ಕಾಮಾಕ್ಷಿಪಾಳ್ಯ ದಾಟಿ, ಸರ್ಕಾರದ ಗೋಮಾಳ, ಬೀಳು, ಬತ್ತಿದ ಕೆರೆಯಂಗಳ ಏನಿದ್ದರೂ ಅಳೆದು, ಸೈಟು ಮಾಡಿ, ಹರಾಜು ಹಾಕಬೇಕೆಂದು ಆಜ್ಞೆಯಾಗಿತ್ತು. ಮಾರುವ ಮುಂಚೆ ಅಳೆಯುವುದು ನಮ್ಮ ಕೆಲಸ. ಅಳತೆಯಷ್ಟೇ ಮುಖ್ಯವಾದದ್ದು ಇನ್ನೊಂದಿತ್ತು: ಮಾರಬಾರದ್ದನ್ನು ಲೆಕ್ಕದಿಂದ ಹೊರಗಿಡುವುದು. ಹಳ್ಳ, ಬಂಡಿದಾರಿ, ಸ್ಮಶಾನ ಇವಕ್ಕೆ ನಮ್ಮ ಭಾಷೆಯಲ್ಲಿ ಖರಾಬು ಎಂದು ಹೆಸರು. ಒಂದು ಜಾಗ ನಕ್ಷೆಯಲ್ಲಿ ಖರಾಬು ಆಯಿತೆಂದರೆ ಅದನ್ನು ಯಾರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಲೋಕದಲ್ಲಿ ಕೆಟ್ಟುಹೋಗಿದೆ ಎನಿಸಿಕೊಂಡರೆ ಬದುಕಿಕೊಳ್ಳುವುದು ಭೂಮಿ ಒಂದೇ.

ನನ್ನ ಮೇಲಿನವರು ಸೂಪರ್‌ವೈಸರ್ ಶೇಷಗಿರಿರಾಯರು. ಕಪ್ಪು ಕೊಡೆ, ಬಿಳಿ ಪೇಟ, ಬೆರಳ ತುದಿಯಲ್ಲಿ ಸದಾ ಒಂದು ಚಿಟಿಕೆ ನಶ್ಯ. ಪ್ರತಿ ವಾಕ್ಯದ ಕೊನೆಗೆ ಮೂಗಿನಿಂದ ಪೂರ್ಣವಿರಾಮ ಹಾಕುತ್ತಿದ್ದರು. ಅವರ ದನಿ ನನ್ನ ಸಂಗ್ರಹದ ಅತ್ಯುತ್ತಮ ಪದಾರ್ಥ. ಒಮ್ಮೆ ಊಟದ ಹೊತ್ತಿನಲ್ಲಿ ಅವರ ಕುರ್ಚಿಯಲ್ಲೇ ಕೂತು, ಅಳತೆಯ ಸರಪಳಿ ಹಿಡಿಯುವ ಚೈನ್‌ಮನ್‌ಗಳನ್ನು ಅವರ ದನಿಯಲ್ಲೇ ಬೈಯುತ್ತಿದ್ದಾಗ ಎಲ್ಲರೂ ಇದ್ದಕ್ಕಿದ್ದಂತೆ ತಲೆ ತಗ್ಗಿಸಿದರು. ನನ್ನ ಅಭಿನಯಕ್ಕೆ ಮನಸೋತರೆಂದು ತಿಳಿದು ಇನ್ನೆರಡು ಬೈಗುಳ ಸೇರಿಸಿದೆ. ಹಿಂದಿನಿಂದ ರಾಯರು ಹೇಳಿದರು: “ಮೂಗು ಸ್ವಲ್ಪ ಜಾಸ್ತಿಯಾಯ್ತು ಕಣಯ್ಯಾ. ಉಳಿದದ್ದೆಲ್ಲ ಸರಿ. ಏಳು ಈಗ.”

ಕೆಟ್ಟವರಲ್ಲ. ಲಂಚ ಮುಟ್ಟುತ್ತಿರಲಿಲ್ಲ. ಅವರಿಗೆ ಇದ್ದದ್ದು ಒಂದೇ ನಿಯಮ: “ಸರ್ವೇಯರ್‌ಗೆ ಕಣ್ಣು ಮಾತ್ರ ಕೊಟ್ಟಿದಾನೆ ದೇವರು, ಕಿವಿ ಕೊಟ್ಟಿಲ್ಲ. ಹೋದ ದಿವಸ ಏನು ಕಾಣುತ್ತೋ ಅದನ್ನ ಬರಿ. ಹೇಳೋದನ್ನೆಲ್ಲ ಬರೀತಾ ಹೋದ್ರೆ ಈ ಭೂಮಂಡಲದಲ್ಲಿ ಪ್ರತಿಯೊಂದು ಮರಾನೂ ಪ್ರತಿಯೊಬ್ಬನ ತಾತನೂ ನೆಟ್ಟಿರ್ತಾನೆ.” ಆ ನಿಯಮ ತಪ್ಪೂ ಅಲ್ಲ. ಆದರೆ ನಾನು ಬರೀ ಕಿವಿಯ ಮನುಷ್ಯ, ಬಂದು ಸೇರಿದ್ದು ಬರೀ ಕಣ್ಣಿನ ಇಲಾಖೆಗೆ.

ಮಾಗಡಿ ರಸ್ತೆಯಿಂದ ಒಳಗೆ ಒಂದು ಹಳ್ಳಿ. ಮಂಟಿಪಾಳ್ಯ ಎಂದಿಟ್ಟುಕೊಳ್ಳಿ; ನಿಜವಾದ ಹೆಸರು ಈಗ ಆ ಊರಿಗೇ ಬೇಕಾಗಿಲ್ಲ. ಅದಕ್ಕೊಂದು ಕೆರೆ, ಕೆರೆಯ ನಡುವೆ ಒಂದು ದಿಬ್ಬ. ನೀರಿದ್ದ ಕಾಲದಲ್ಲಿ ಅದು ನಿಜವಾದ ನಡುಗಡ್ಡೆ. ಪಟೇಲರ ಮನೆತನಕ್ಕೆ ಸ್ವಂತ ತೋಟವಿದ್ದುದರಿಂದ ಅವರ ಸತ್ತವರು ತೋಟದಲ್ಲೇ ಇರುತ್ತಿದ್ದರು. ಉಳಿದವರೆಲ್ಲ ನಡುಗಡ್ಡೆಯಲ್ಲಿ. ಮಳೆಗಾಲದಲ್ಲಿ ಹೆಣವನ್ನು ಹರಿಗೋಲಿನಲ್ಲಿ ಸಾಗಿಸುತ್ತಿದ್ದರು. ಮಣ್ಣು ಮುಚ್ಚಿ, ಗುಪ್ಪೆ ಮಾಡಿ, ತಲೆಯ ಕಡೆಗೆ ಒಂದು ಕಾಡುಗಲ್ಲು ನಿಲ್ಲಿಸಿದರೆ ಮುಗಿಯಿತು. ಹೆಸರು ಕೆತ್ತುವ ಪದ್ಧತಿ ಇರಲಿಲ್ಲ. ಹೆಸರಿನ ಅಗತ್ಯ ಇದ್ದವರಿಗೆ ಕಲ್ಲಿನ ಗುರುತು ಇತ್ತು. ಎರಡು ವರ್ಷದ ಹಿಂದೆ ಸರ್ಕಾರ ಕೆರೆಯ ಏರಿಯನ್ನು ಒಡೆದು ನೀರು ಬಿಟ್ಟಿತ್ತು. ಈಗ ಅದು ಒಣಗಿದ ಅಂಗಳದ ನಡುವಿನ ಒಂದು ಬೋರೆ ಅಷ್ಟೆ.

ಅಳತೆಗೆ ಒಂದು ವಾರ ಮುಂಚೆ ಊರಿಗೆ ಹೋಗಿ ನೋಟೀಸು ಅಂಟಿಸಿ ಡಂಗುರ ಹೊಡೆಸಿ ಬರಬೇಕು. ಆ ಕೆಲಸಕ್ಕೆ ಹೋದಾಗ ಏರಿಯ ಮೇಲೆ, ಬೋರಲು ಹಾಕಿದ ಹರಿಗೋಲಿಗೆ ಒರಗಿ ಒಬ್ಬ ಮುದುಕ ಕೂತಿದ್ದ. ಹೆಸರು ಸಿದ್ದಪ್ಪ. ನೀರಿಲ್ಲದ ಕೆರೆಯ ಅಂಬಿಗ.

“ಸೈಟು ಮಾಡೋರು ನೀವೇಯಾ ಸಾಮಿ?” ಎಂದ.

“ನಾನು ಅಳೆಯೋನು ತಾತ. ಮಾಡೋರು ಬೇರೆ, ದುಡ್ಡು ಮಾಡೋರು ಇನ್ನೂ ಬೇರೆ.”

“ನಂಗೇನೂ ಸೈಟು ಬ್ಯಾಡಪ್ಪ. ನಿಮ್ಮ ಸರ್ಕಾರ ಕಣ್ಣು ಬಿಡೋಕೆ ಮುಂಚೇನೇ ನಾನು ಒಂದು ಹಿಡ್ಕಂಡಿವ್ನಿ. ಅಗಾ, ಆ ದಿಬ್ಬದ ಮ್ಯಾಲೆ ತಂಗಡಿ ಗಿಡ ಕಾಣ್ತದಲ್ಲ, ಅದರ ಬಲಕ್ಕೆ ನಮ್ಮ ಕೆಂಪಿ ಅವಳೆ. ಅವಳ ಮಗ್ಗುಲಾಗೆ ನಾನು. ಮೂಡಗಡೀಕೆ ಮೊಖ. ಗಾಳಿ ಬೆಳಕು ಎಲ್ಲಾ ಚೆಂದಾಗದೆ.”

ಕೆಂಪಿ ಅವನ ಹೆಂಡತಿ. ತೀರಿಕೊಂಡು ನಾಲ್ಕು ವರ್ಷವಾಗಿತ್ತಂತೆ. ಮದುವೆಯಾದಾಗಿನಿಂದ ಇಬ್ಬರೂ ಜಗಳವಾಡಿದ್ದೇ ಹೆಚ್ಚು, ಕೊನೆಯ ಜಗಳ ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಬೇಕು ಎಂದ. “ಊರಿನೋರನ್ನೆಲ್ಲ ಆಚೆ ದಡ ಸೇರಿಸ್ದೋನು ನಾನು. ನನ್ನ ದಾಟ್ಸೋರು ಯಾರಪ್ಪಾ ಅಂತ ಒಂದು ಚಿಂತೆ ಇತ್ತು. ನಿಮ್ಮೋರು ನೀರನ್ನೇ ತೆಗೆದುಬಿಟ್ರು. ಈಗ ಹೆಣ ನಡ್ಕಂಡೇ ಹೋಗಬಹುದು!” ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ನನಗೆ ಅವನು ತಕ್ಷಣ ಹಿಡಿಸಿಬಿಟ್ಟ. ನಾನೂ ರಾಯರ ದನಿ ತೆಗೆದು ಒಂದೆರಡು ಮಾತು ಆಡಿದೆ. ಸಾಹೇಬರೆಂದರೆ ಹೀಗಿರುತ್ತಾರೆ ತಾತ, ಮೂಗಿನಲ್ಲಿ ಮಾತಾಡ್ತಾರೆ ಎಂದೆ. ಕೆಮ್ಮು ಬರುವ ತನಕ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ: “ಆ ದಿಬ್ಬ ಉಳೀತದಾ?”

“ಸ್ಮಶಾನ ಮಾರಾಟಕ್ಕಿಲ್ಲ ತಾತ. ಸಾಹೇಬರು ಬಂದು ಕಣ್ಣಾರೆ ನೋಡ್ತಾರೆ, ಖರಾಬು ಅಂತ ಬರೀತಾರೆ, ಹೋಗ್ತಾರೆ.”

“ಅಂಗಾರೆ ಸಾಹೇಬ್ರು ಒಪ್ಕಬೇಕು ಅನ್ನು.”

“ಒಪ್ಪೋದು ಏನಿಲ್ಲ, ನೋಡಿದ್ರೆ ಸಾಕು.”

“ನೋಡೋದು ಅಂದ್ರೆ ಒಪ್ಪೋಕೇ ತಾನೆ? ಹೆಣ್ಣು ನೋಡೋಕೆ ಬಂದಂಗೆ.”

ನಾನು ನಕ್ಕು ಸೈಕಲ್ಲು ಹತ್ತಿದೆ. ಒಳ್ಳೆಯ ಹೋಲಿಕೆ, ಕಚೇರಿಯಲ್ಲಿ ಹೇಳಬಹುದು ಎಂದುಕೊಂಡೆ. ಆ ಹೋಲಿಕೆ ಊರಿನಲ್ಲಿ ಏನು ಮಾಡಿತು ಎಂಬುದು ಒಂದು ವಾರದ ಮೇಲೆ ಗೊತ್ತಾಯಿತು.

ಆ ಊರಿಗೆ ದೊಡ್ಡ ಅಧಿಕಾರಿಯೊಬ್ಬರು ಹಿಂದೆ ಬಂದದ್ದು ಒಂದೇ ಸಲ, ಶಾಲೆಯ ತನಿಖೆಗೆ. ಆಗ ಪಟೇಲ ನಂಜೇಗೌಡರು ಊರೆಲ್ಲ ಗುಡಿಸಿ ಸಾರಿಸಿ, ದಾರಿಯ ಎರಡು ಕಡೆಗೂ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಡಿಸಿದ್ದರು. ಅಧಿಕಾರಿಗಳು ಬಹಳ ಮೆಚ್ಚಿದರಂತೆ. ಆ ವರ್ಷವೇ ಶಾಲೆಗೆ ಹೆಂಚು ಬಂತು. ಅಂದಿನಿಂದ ಮಂಟಿಪಾಳ್ಯದಲ್ಲಿ ಅದೊಂದು ಸಂಪ್ರದಾಯ. ಮೇಲಿನವರು ಯಾರೇ ಬರಲಿ, ಪೋಸ್ಟ್‌ಮನ್ ಬಿಟ್ಟು, ಗುಡಿಸುವುದು, ಸಾರಿಸುವುದು, ಕಲ್ಲಿಗೆ ಸುಣ್ಣ.

ಅಳತೆಯ ದಿನ ಬೆಳಿಗ್ಗೆ ರಾಯರ ಜೊತೆ, ಇಬ್ಬರು ಚೈನ್‌ಮನ್‌ಗಳೊಂದಿಗೆ ಏರಿಯ ಮೇಲೆ ಬಂದು ನಿಂತೆ. ದಿಬ್ಬ ಬೋಳಾಗಿತ್ತು. ಮುಳ್ಳುಪೊದೆ ಇಲ್ಲ, ಗುಪ್ಪೆಗಳಿಲ್ಲ, ತಂಗಡಿ ಗಿಡ ಬುಡಸಮೇತ ಮಾಯ. ನೆಲವನ್ನು ಮಟ್ಟ ಮಾಡಿ, ದಿಮ್ಮಿ ಉರುಳಿಸಿ, ಸಗಣಿ ಹಾಕಿ ಸಾರಿಸಿದ್ದರು. ನಡುವೆ ಅಂಗಳದಷ್ಟು ದೊಡ್ಡ ರಂಗೋಲಿ. ಏರಿಯಿಂದ ದಿಬ್ಬದವರೆಗೆ ಹೊಸ ದಾರಿ. ದಾರಿಯ ಎರಡೂ ಬದಿಗೆ ಬೆಳ್ಳಗೆ ಸುಣ್ಣ ಬಳಿದ ಕಲ್ಲುಗಳ ಸಾಲು. ಆ ಕಲ್ಲುಗಳು ಎಲ್ಲಿಂದ ಬಂದವು ಎಂದು ಯೋಚಿಸಿದವನೇ ನಾನು ಅಲ್ಲೇ ನಿಂತುಬಿಟ್ಟೆ.

ಸಾಲಿನ ಮೊದಲ ಕಲ್ಲಿನ ಪಕ್ಕದಲ್ಲಿ ಸಿದ್ದಪ್ಪ ಮಡಿಪಂಚೆ ಉಟ್ಟು ಕೈಕಟ್ಟಿ ನಿಂತಿದ್ದ. ಬೆರಳಿನ ಸಂದಿಯಲ್ಲೆಲ್ಲ ಸುಣ್ಣ. “ಎಂಗೈತಪ್ಪಾ?” ಎಂದು ಮೆಲ್ಲಗೆ ಕೇಳಿದ. “ನಮ್ಮ ಕೆಂಪಿ ಕಲ್ಲೇ ಎಲ್ಲಾದ್ಕಿಂತ ನುಣ್ಣಗಿತ್ತು. ಅದನ್ನೇ ಮುಂದಕ್ಕೆ ಇಡಿಸ್ದೆ.”

ಪಟೇಲರು ರಾಯರಿಗೆ ಎಳನೀರು ಕೊಡಿಸುತ್ತ, ಈ ಬಡಾವಣೆಗೆ ತಮ್ಮ ತೀರ್ಥರೂಪರ ಹೆಸರಿಡಬಹುದೇ ಎಂದು ವಿಚಾರಿಸುತ್ತಿದ್ದರು. ರಾಯರು ಕೊಡೆಯ ನೆರಳಿನಲ್ಲಿ ಸುತ್ತ ನೋಡಿ, “ಭೇಷ್. ಇಷ್ಟು ಅಚ್ಚುಕಟ್ಟಾದ ಜಾಗ ನನ್ನ ಸರ್ವೀಸಿನಲ್ಲೇ ನೋಡಿಲ್ಲ” ಎಂದರು. ಊರು ಹಿಗ್ಗಿತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ಚೈನು ಬಿಚ್ಚಿದರು. ದಿಬ್ಬವನ್ನು ನಾಲ್ಕು ಕಡೆಯಿಂದ ಅಳೆದೆವು. ಒಂದು ಎಕರೆ ಆರು ಗುಂಟೆ ಬಂತು. ರಾಯರು ಹೇಳಿದರು: “ಬರ್ಕೋ. ಮಟ್ಟಸವಾದ ಖಾಲಿ ಜಮೀನು. ನಿವೇಶನಕ್ಕೆ ಯೋಗ್ಯ.”

“ಸಾರ್, ಇದು ಸ್ಮಶಾನ” ಎಂದೆ.

“ಎಲ್ಲಿ?”

ಅವರು ಕುಹಕವಾಡಲಿಲ್ಲ. ನಿಜವಾಗಿ ಹುಡುಕುತ್ತಾ ಸುತ್ತ ನೋಡಿದರು. ನಾನೂ ನೋಡಿದೆ. ರಂಗೋಲಿ ಕಂಡಿತು.

ಅಷ್ಟರಲ್ಲಿ ಖಾಲಿ ಎಂಬ ಮಾತು ಸಿದ್ದಪ್ಪನ ಕಿವಿಗೆ ಬಿದ್ದಿತ್ತು. ಮುಂದೆ ಬಂದ. “ಖಾಲಿ ಎಂಗಾಯ್ತದೆ ಬುದ್ಧಿ? ಊರಿಗೆ ಊರೇ ಒಳಗೈತೆ. ನನ್ನ ಹೆಂಡ್ರು ಇಲ್ಲೇ ಅವಳೆ.”

“ಎಲ್ಲಯ್ಯಾ? ತೋರಿಸು.”

“ಇಲ್ಲೇ” ಎಂದು ಒಂದು ಕಡೆ ಕಾಲು ಊರಿದ. ಏರಿಯನ್ನು ನೋಡಿದ, ತಂಗಡಿ ಗಿಡ ಇದ್ದ ಕಡೆ ನೋಡಿದ, ಗಿಡ ಎಲ್ಲಿತ್ತು ಎಂದು ನೋಡಿದ. ನಾಲ್ಕು ಮಾರು ಸರಿದು, “ಅಲ್ಲಲ್ಲ, ಇಲ್ಲಿ” ಎಂದ. ಮತ್ತೆ ಹಿಂದಕ್ಕೆ ಬಂದ. ಹರಿಗೋಲಿನಿಂದ ನೋಡಿದಾಗ ಗೊತ್ತಾಗುತ್ತಿದ್ದ ಗುರುತುಗಳು ನೆಲದ ಮೇಲೆ ನಿಂತಾಗ ಒಂದೂ ಇರಲಿಲ್ಲ.

ರಾಯರು ನಶ್ಯ ಏರಿಸಿದರು. “ಹೆಂಡತಿ ಎಲ್ಲಿದಾಳೆ ಅಂತ ಗಂಡನಿಗೇ ಗೊತ್ತಿಲ್ಲ. ನಾನು ಹೇಗಯ್ಯಾ ನಕ್ಷೇಲಿ ತೋರಿಸ್ಲಿ?”

ಎಲ್ಲರೂ ನಕ್ಕರು. ಪಟೇಲರು ನಕ್ಕರು, ಚೈನ್‌ಮನ್‌ಗಳು ನಕ್ಕರು, ಊರವರೂ ನಕ್ಕರು. ಮಾತು ಅಷ್ಟು ಚೆನ್ನಾಗಿತ್ತು. ನಾನೂ ನಕ್ಕೆ, ಒಳ್ಳೆಯ ಮಾತಿಗೆ ನಗದೆ ಇರುವ ಶಕ್ತಿ ನನಗೆ ಹುಟ್ಟಿನಿಂದಲೂ ಇಲ್ಲ. ಸಿದ್ದಪ್ಪನೂ ಎಲ್ಲರ ಜೊತೆ ಸ್ವಲ್ಪ ನಕ್ಕ. ಆಮೇಲೆ ಅವನು ಒಬ್ಬನೇ ನಿಲ್ಲಿಸಿದ.

ನಗು ನಿಂತ ಮೇಲೆ ಊರಿಗೆ ನಿಧಾನವಾಗಿ ವಿಷಯ ಇಳಿಯಿತು. ಪಟೇಲರು ಬಂದು, “ಸ್ವಾಮಿ, ಹಳೇ ಕಾಲದಿಂದ ಇಲ್ಲೇ ಹೂಳ್ತಾ ಇರೋದು, ಊರೆಲ್ಲ ಸಾಕ್ಷಿ ಹೇಳ್ತಾರೆ” ಎಂದರು.

“ಪಟೇಲ್ರೇ, ಸಾಕ್ಷಿ ಹೇಳೋದು ಕೋರ್ಟಿನಲ್ಲಿ. ಪ್ರತಿ ಊರಿನಲ್ಲೂ ಅಳತೆಗೆ ಬಂದ ದಿವಸವೇ ಸ್ಮಶಾನ ಹುಟ್ಕೊಳ್ಳುತ್ತೆ. ನಾನು ಸಹಿ ಹಾಕಿದ ಮೇಲೆ ಮೇಲಿನವರು ಬಂದು ಎಲ್ಲಿ ಅಂದ್ರೆ ನಾನು ಏನು ತೋರಿಸ್ಲಿ, ರಂಗೋಲಿನಾ?” ಎಂದರು ರಾಯರು. ಸ್ವಲ್ಪ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಆ ಮುಖ ನನಗೆ ಗೊತ್ತು. ಆಮೇಲೆ ಉಪಕಾರ ಮಾಡುವವರ ದನಿಯಲ್ಲಿ ಹೇಳಿದರು: “ಒಂದು ಕೆಲಸ ಮಾಡಿ. ಅಗೆದು ತೋರಿಸಿ. ಸಮಾಧಿ ಕಂಡ್ರೆ ಬರೀತೀನಿ. ಕಾಯ್ತೀನಿ, ಪರವಾಗಿಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡಿದರು. ಅಗೆಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ, ಯಾರದನ್ನು ಎಂಬುದರಲ್ಲಿತ್ತು. ನಿಮ್ಮಪ್ಪನದು ಹಳೇದು, ಅದನ್ನ ತೆಗೀರಿ ಎಂದ ಒಬ್ಬ. ನಿಮ್ಮತ್ತೆ ಹೇಗೂ ಯಾರಿಗೂ ಬೇಡವಾಗಿದ್ದೋಳು, ಅವಳನ್ನ ತೆಗೀರಿ ಎಂದ ಇನ್ನೊಬ್ಬ. ಮಣ್ಣಾದವರನ್ನು ಎಬ್ಬಿಸಿದವರ ಮನೆ ಉಳಿಯುವುದಿಲ್ಲ ಎಂದು ಹೆಂಗಸರು ಅಳತೊಡಗಿದರು. ಆಗ ಸಿದ್ದಪ್ಪ ಸೊಂಟಕ್ಕೆ ಪಂಚೆ ಬಿಗಿದು ಹಾರೆ ಇಸಿದುಕೊಂಡ.

“ನಂದನ್ನೇ ತೆಗೀತೀನಿ” ಎಂದ. “ಹೆಂಗೂ ಜಗಳ ಬಾಕಿ ಅದೆ.”

ಈ ಸಲ ಯಾರೂ ನಗಲಿಲ್ಲ.

ಬಿಸಿಲು ಏರುತ್ತಿತ್ತು. ಸಗಣಿ ಸಾರಿಸಿದ ನೆಲ ಅಪ್ಪಳದ ಹಾಗೆ ಸೀಳಿತು. ಅವನ ಅಣ್ಣನ ಮಗ ಕೃಷ್ಣಪ್ಪ ಎಂಬ ಗಟ್ಟಿಮುಟ್ಟಾದ ಆಳು ಗುದ್ದಲಿ ಹಿಡಿದ. ಸೊಂಟದ ಆಳ ತೋಡಿದರು, ಎದೆಯ ಆಳ ತೋಡಿದರು. ಕೆಂಪು ಮಣ್ಣು, ಆಮೇಲೆ ಬಂಡೆ. ಇಲ್ಲಿ ಯಾರನ್ನೂ ಎಂದೂ ಹೂಳಿರಲಿಲ್ಲ. ಸಿದ್ದಪ್ಪ ಹಳ್ಳದಿಂದ ಮೇಲೆ ಬಂದು ಮತ್ತೆ ದಿಕ್ಕು ನೋಡಿದ. ರಂಗೋಲಿಯ ನಡುವೆ ಹೋಗಿ ನಿಂತು, “ಇಲ್ಲಿ” ಎಂದ. ದನಿಯಲ್ಲಿ ನಂಬಿಕೆ ಇರಲಿಲ್ಲ.

ಎರಡನೆಯ ಹಳ್ಳದಲ್ಲಿ ಗುದ್ದಲಿಯ ಸದ್ದು ಬದಲಾಯಿತು. ಕೃಷ್ಣಪ್ಪ ಗುದ್ದಲಿ ಬಿಸಾಡಿ ಮೇಲೆ ಹತ್ತಿ ಬಂದು ದೂರ ಹೋಗಿ ಕೂತ. ಮುದುಕ ಒಬ್ಬನೇ ಒಳಗೆ ಇಳಿದು ಕೈಯಿಂದ ಮಣ್ಣು ಬಿಡಿಸಿದ. ಕಾಲಿನ ಮೂಳೆ, ಸೊಂಟದ ಮೂಳೆ. ಅವನು ಏನನ್ನೋ ಹುಡುಕುತ್ತಿದ್ದ. ಬಳೆಯ ಚೂರನ್ನು ಎಂದು ಆಮೇಲೆ ತಿಳಿಯಿತು. ಮುತ್ತೈದೆಯಾಗಿ ಹೋದ ಕೆಂಪಿಯನ್ನು ಕೈತುಂಬ ಹಸಿರು ಬಳೆ ತೊಡಿಸಿ ಮಣ್ಣು ಮಾಡಿದ್ದರಂತೆ. ಬಳೆ ಸಿಗಲಿಲ್ಲ.

“ಇವಳೇ” ಎಂದ, ಮೇಲೆ ನೋಡದೆ.

ಅಂಚಿನಲ್ಲಿ ಬಗ್ಗಿ ನೋಡುತ್ತಿದ್ದ ಮುನಿಯಮ್ಮ ಎಂಬ ಮುದುಕಿ ಎದೆ ಬಡಿದುಕೊಂಡಳು. “ಅಯ್ಯೋ ನಿನ್ನ ಮನೆ ಕಾಯಾ! ಅದು ನಮ್ಮತ್ತೆ ಕಣೋ! ನಿನ್ನ ಹೆಂಡ್ರು ಕುಳ್ಳಿ. ಆ ಕಾಲು ನೋಡೋ ಎಷ್ಟುದ್ದ ಐತೆ! ಮುಚ್ಚೋ, ಮುಚ್ಚೋ!”

ರಾಯರು ಕೊಡೆಯ ಕೆಳಗಿನಿಂದಲೇ ಇಣುಕಿದರು. ಅತ್ತೆಯೋ ಹೆಂಡತಿಯೋ ಇಲಾಖೆಗೆ ಸಂಬಂಧವಿಲ್ಲದ ವಿಷಯ. “ಸರಿ. ಸಮಾಧಿ ಇದೆ. ಅಳತೆ ತಗೊಳ್ಳಯ್ಯಾ” ಎಂದರು ನನಗೆ.

ಟೇಪು ಹಿಡಿದೆ. ಒಂದು ತುದಿ ನನ್ನ ಕೈಯಲ್ಲಿ. ಇನ್ನೊಂದನ್ನು ಹಳ್ಳದ ಒಳಗಿನಿಂದ ಸಿದ್ದಪ್ಪ ಹಿಡಿದ. ಆರು ಅಡಿ, ಮೂರು ಅಡಿ. ರಾಯರು ಹೇಳಿ ಬರೆಸಿದರು: “ಸ್ಮಶಾನ ಖರಾಬು, ಆರು ಮೂರು ಅಡಿ. ಉಳಿದದ್ದು ಖಾಲಿ.”

“ಸಾರ್, ದಿಬ್ಬ ಪೂರ್ತಿ...”

“ಕಂಡದ್ದು ಒಂದು. ಬರೆದದ್ದು ಒಂದು. ಉಳಿದವರೂ ಅಗೆದು ತೋರಿಸಲಿ, ಅಷ್ಟನ್ನೂ ಬರೀತೀನಿ. ನನಗೇನು?” ಎಂದು ರಾಯರು ಊರಿನ ಕಡೆ ತಿರುಗಿದರು. “ಯಾರಯ್ಯಾ ಮುಂದಿನವರು?”

ಯಾರೂ ಬರಲಿಲ್ಲ. ಜನ ಒಬ್ಬೊಬ್ಬರಾಗಿ ಏರಿಯ ಕಡೆ ಹೊರಟರು. ರಾಯರು ಇನ್ನೂ ಸ್ವಲ್ಪ ಹೊತ್ತು ಕಾದರು, ಹೇಳಿದ ಮಾತಿಗೆ ತಪ್ಪದವರು. ಆಮೇಲೆ ಮಹಜರಿಗೆ ಪಟೇಲರ ಸಹಿ ತೆಗೆದುಕೊಂಡು ಹೊರಟೆವು. ಸುಣ್ಣದ ಕಲ್ಲುಗಳ ನಡುವೆ ನಡೆಯುವಾಗ ರಾಯರ ಪಂಚೆಗೆ ಸ್ವಲ್ಪ ಸುಣ್ಣ ತಾಗಿತು. ಹಸಿ ಇನ್ನೂ ಆರಿರಲಿಲ್ಲ.

ಕಚೇರಿಯಲ್ಲಿ ನಕ್ಷೆ ತಯಾರಾಯಿತು. ನಮ್ಮ ನಕ್ಷೆಯ ಸ್ಕೇಲಿಗೆ ಆರು ಮೂರು ಅಡಿ ಎಂದರೆ ಪೆನ್ಸಿಲ್ ಮೊನೆಯ ಒಂದು ಚುಕ್ಕೆ. ಚುಕ್ಕೆ ಇಟ್ಟೆ. ಶುದ್ಧ ಪ್ರತಿ ಬಂದಾಗ ಚುಕ್ಕೆ ಇರಲಿಲ್ಲ. ನಕ್ಷೆ ಬರೆಯುವವರನ್ನು ಕೇಳಿದರೆ, “ಅದಾ? ನೊಣದ್ದು ಅಂತ ಬ್ಲೇಡಿನಲ್ಲಿ ಕೆರೆದೆ ಗುರು” ಎಂದರು. ರಾಯರ ಬಳಿ ಓಡಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

“ಕೆರೆದದ್ದು ಸರಿಯಾಗೇ ಆಯ್ತು. ಕಾಲು ಗುಂಟೆಗಿಂತ ಕಡಿಮೆ ಇದ್ರೆ ನಮ್ಮಲ್ಲಿ ಲೆಕ್ಕಕ್ಕಿಲ್ಲ. ನನಗೂ ಅಲ್ಲಿ ಹೊಳೀಲಿಲ್ಲ ನೋಡು.”

“ಹಾಗಾದ್ರೆ ಆ ಮುದುಕ ಅಗೆದದ್ದು?”

“ನಾನು ಬರೆದೆನಲ್ಲಯ್ಯಾ. ಮಾತಿಗೆ ತಪ್ಪಿದ್ನಾ?” ಎಂದರು. ತಪ್ಪಿರಲಿಲ್ಲ.

ಹರಾಜಿನ ನೋಟೀಸು ಅಂಟಿಸಲು ಮತ್ತೆ ನಾನೇ ಹೋಗಬೇಕಾಯಿತು. ಸಂಜೆಯ ಬಿಸಿಲು ಇನ್ನೂ ಇತ್ತು. ಸಿದ್ದಪ್ಪ ದಿಬ್ಬದ ಮೇಲೆ ಇದ್ದ. ಹಳ್ಳ ಎರಡನ್ನೂ ಮುಚ್ಚಿ, ತಾನು ಮುಂದಕ್ಕೆ ಇಡಿಸಿದ್ದ ಕಲ್ಲನ್ನು ಮತ್ತೆ ಹೊತ್ತು ತಂದಿದ್ದ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಅದರ ಮೇಲೆ ಕೂತಿದ್ದ. ಮುನಿಯಮ್ಮನ ಮನೆಯವರು ಅವನ ಜೊತೆ ಮಾತು ಬಿಟ್ಟಿದ್ದರು. ಉಳಿದವರಿಗೂ ಅವನು ಬೇಡವಾಗಿದ್ದ: ಹೆಣ ತೆಗೆದವನು.

ನಾನು ಹೇಳಬೇಕಾದ್ದನ್ನು ಹೇಳಿದೆ. ಆರಡಿಯೂ ಇಲ್ಲ ತಾತ, ಪೂರ್ತಿ ಹೋಯಿತು ಎಂದೆ. ತಮಾಷೆಯಾಗಿ ಹೇಳುವ ದಾರಿ ಹುಡುಕಿದ್ದೆ, ದಾರಿಯುದ್ದಕ್ಕೂ ಹುಡುಕಿದ್ದೆ, ಸಿಕ್ಕಿರಲಿಲ್ಲ.

ಅವನು ಸುಣ್ಣ ಮೆತ್ತಿದ ಕಲ್ಲನ್ನು ಸವರಿದ. ಆಮೇಲೆ, “ಆವತ್ತು ಏರಿ ಮ್ಯಾಲೆ ನಿಮ್ಮ ಸಾಹೇಬ್ರ ದನಿ ಮಾಡ್ದಲ್ಲ, ಅದನ್ನ ಮಾಡಪ್ಪ” ಎಂದ.

“ಯಾಕೆ ತಾತ ಈಗ?”

“ಸ್ಮಶಾನ, ಮಾರಾಕಿಲ್ಲ ಅಂತ ಅವರ ದನೀಲೇ ಒಂದು ಸಲ ಹೇಳು. ಅವಳು ಕೇಳ್ಕೊಳ್ಳಲಿ. ಎಬ್ಬಿಸಾಕೆ ಬಂದೋರು ಯಾರೋ ಅಂತ ಗಾಬರಿಯಾಗಿರ್ತಾಳೆ. ಅವಳಿಗೆ ನೀನ್ಯಾರು ಅವರ್ಯಾರು ಅಂತ ಗೊತ್ತಾಗಾಕಿಲ್ಲ.”

ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮೂಗಿಗೆ ನಶ್ಯ ಏರಿಸಿದ ಹಾಗೆ ಮಾಡಿ, ರಾಯರ ದನಿಯಲ್ಲಿ, ಮೂಗು ಜಾಸ್ತಿಯಾಗದಂತೆ, ಹೇಳಿದೆ: “ಸ್ಮಶಾನ. ಒಂದು ಎಕರೆ ಆರು ಗುಂಟೆ, ಪೂರ್ತಿ ಖರಾಬು. ಮಾರಾಟಕ್ಕಿಲ್ಲ.”

ಸಿದ್ದಪ್ಪ ತಲೆ ಅಲ್ಲಾಡಿಸಿದ. “ಚೆಂದಾಗಿ ಹೇಳ್ದೆ. ಈಗ ಆ ಕಡೀಕೆ ತಿರುಕ್ಕೊಂಡು ಇನ್ನೊಂದು ಸಲ ಹೇಳು. ಆಮ್ಯಾಕೆ ಈ ಕಡೀಕೂ ಒಂದು ಸಲ. ಎಲ್ಲವಳೋ ಗೊತ್ತಿಲ್ವಲ್ಲ.”

ನಾಲ್ಕು ಕಡೆಗೂ ತಿರುಗಿ ಹೇಳಿದೆ. ನನ್ನ ವೃತ್ತಿಯಲ್ಲಿ ಈವರೆಗೆ ನಾನು ಮಾಡಿದ ಒಂದೇ ಸರಿಯಾದ ಅಳತೆ ಅದು. ಅದಕ್ಕೆ ಯಾರ ಸಹಿಯೂ ಇಲ್ಲ.

ಮುಂದಿನ ವರ್ಷ ಸಿದ್ದಪ್ಪ ತೀರಿಕೊಂಡ. ಅಷ್ಟು ಹೊತ್ತಿಗೆ ದಿಬ್ಬದ ಮೇಲೆ ತಳಪಾಯಗಳು ಎದ್ದಿದ್ದವು. ಊರಿನವರನ್ನೆಲ್ಲ ದಾಟಿಸಿದವನನ್ನು ಇಟ್ಟಿಗೆ ಲಾರಿಯೊಂದರಲ್ಲಿ ಹಾಕಿ ದೂರದ ಬೇರೆ ಯಾವುದೋ ಊರಿನ ಸ್ಮಶಾನಕ್ಕೆ ಕೊಂಡುಹೋದರಂತೆ. ಪಟೇಲರೇ ಹೇಳಿದರು. ಬಡಾವಣೆಗೆ ಅವರ ತಂದೆಯ ಹೆಸರು ಬಂದಿರಲಿಲ್ಲ, ಅದರದೇ ದುಃಖದಲ್ಲಿದ್ದರು. ಸುಣ್ಣದ ಕಲ್ಲುಗಳನ್ನು ಕಂಟ್ರಾಕ್ಟರು ಒಡೆದು ಜಲ್ಲಿ ಮಾಡಿಕೊಂಡ.

ಈ ವೃತ್ತಿ ನನಗೆ ಏನು ಕಲಿಸಿತು ಎಂದು ಕೊನೆಗೆ ಹೇಳಬೇಕಲ್ಲ. ದೊಡ್ಡ ಮಾತೇನೂ ಇಲ್ಲ. ಕಲಿತದ್ದು ಇಷ್ಟು: ಸಾಹೇಬರು ನೋಡಲು ಬರುವ ಮುಂಚೆ ಏನನ್ನೂ ಗುಡಿಸಬಾರದು. ನಿಮ್ಮದು ಎಂದು ಹೇಳುವುದು ಆ ಮುಳ್ಳು, ಆ ಗುಪ್ಪೆ, ಆ ಅಡ್ಡಾದಿಡ್ಡಿ ಕಲ್ಲೇ ಹೊರತು ಬಾಯಲ್ಲ. ಈಗ ಯಾವ ಹಳ್ಳಿಗೆ ನೋಟೀಸು ಅಂಟಿಸಲು ಹೋದರೂ ಮೊದಲು ಅದನ್ನೇ ಹೇಳುತ್ತೇನೆ.

ಹೋದ ತಿಂಗಳು ಕೆಂಗೇರಿಯ ಕಡೆ ಒಂದು ಊರಿನಲ್ಲೂ ಹೇಳಿದೆ. ಮುಟ್ಟಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ, ಕೈಮುಗೀತೀನಿ ಎಂದೆ. ನನ್ನ ಸ್ವಂತ ದನಿಯಲ್ಲೇ ಹೇಳಿದೆ. ತಪ್ಪು ಅಲ್ಲೇ ಆಗಿರಬೇಕು. ಹಿರಿಯರು ಎಲ್ಲಕ್ಕೂ ತಲೆಯಾಡಿಸಿ, ಮಜ್ಜಿಗೆ ಕೊಟ್ಟು, ಏರಿಯ ತನಕ ಬಂದು ಕಳಿಸಿಕೊಟ್ಟರು. ಅಳತೆಯ ದಿನ ರಾಯರ ಹಿಂದೆ ನಡೆದು ಊರ ತಿರುವಿಗೆ ಬಂದೆ. ದಾರಿಯ ಎರಡೂ ಬದಿಗೆ ಕಲ್ಲುಗಳು ಬೆಳ್ಳಗೆ ಸಾಲಾಗಿ ಕೂತಿದ್ದವು.